ಹಿತ್ತಲ ಪ್ರಶ್ನೋತ್ತರ: ಹೂ ಬಿಟ್ಟರೂ ಕಾಯಿ ಕಚ್ಚದ ಸಿಹಿಗುಂಬಳ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಹಿಗುಂಬಳಕ್ಕೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಅರ್ಧಕ್ಕಿಂತ ಹೆಚ್ಚು ಪತ್ರಗಳಲ್ಲಿ ‘ಯಾವ ಔಷಧಿ ಸಿಂಪಡಿಸಬೇಕು’ ಎಂಬ ಮಾತಿದೆ. ಅವುಗಳಲ್ಲಿ ಬಹುಪಾಲು ತೊಂದರೆಗಳಿಗೆ ಔಷಧಿಯ ಅಗತ್ಯವೇ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಹಿತ್ತಲಿನಲ್ಲಿ ಸಿಹಿಗುಂಬಳದ ಎರಡು ಬಳ್ಳಿಗಳಿವೆ. ಬಿತ್ತಿ ಎರಡು ತಿಂಗಳಾಗುತ್ತ ಬಂತು. ಮೊದಮೊದಲು ಬಿಟ್ಟ ಹೂಗಳೆಲ್ಲ ಹಾಗೆಯೇ ಉದುರಿಹೋದವು. ಈಗ ನಿಂಬೆಹಣ್ಣಿನ ಗಾತ್ರದ ಮಿಡಿಗಳು ಕಾಣಿಸಿಕೊಂಡು, ನಾಲ್ಕೈದು ದಿನಗಳಲ್ಲಿ ಹಳದಿಯಾಗಿ ಕೊಳೆಯುತ್ತಿವೆ. ಗೊಬ್ಬರದ ಅಂಗಡಿಯವರು ಒಂದು ಔಷಧಿ ಕೊಟ್ಟಿದ್ದಾರೆ, ಇನ್ನೂ ಸಿಂಪಡಿಸಿಲ್ಲ. ಮಿಡಿಗೆ ಬೆರಳು ತೋರಿಸಿದ್ದರಿಂದಲೇ ಹೀಗಾಯಿತು ಎಂದು ನಮ್ಮ ಅತ್ತೆ ಹೇಳುತ್ತಾರೆ. ಏನು ಮಾಡಬೇಕು?
— ಗೃಹಿಣಿ, ಮೈಸೂರು

ಉತ್ತರ: ಔಷಧಿಯನ್ನು ಸಿಂಪಡಿಸದೆ ಇದ್ದದ್ದು ಒಳ್ಳೆಯದಾಯಿತು. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಬಳ್ಳಿಗೆ ರೋಗವಿರುವಂತೆ ಕಾಣುವುದಿಲ್ಲ, ಪರಾಗಸ್ಪರ್ಶ ಆಗುತ್ತಿಲ್ಲ ಅಷ್ಟೆ.

ಕುಂಬಳದಲ್ಲಿ ಗಂಡು ಹೂ ಮತ್ತು ಹೆಣ್ಣು ಹೂಗಳು ಒಂದೇ ಬಳ್ಳಿಯಲ್ಲಿ ಬೇರೆ ಬೇರೆಯಾಗಿ ಬಿಡುತ್ತವೆ. ಬಿತ್ತಿದ ಸುಮಾರು 35ರಿಂದ 45 ದಿನಗಳಲ್ಲಿ ಮೊದಲು ಅರಳುವವು ಗಂಡು ಹೂಗಳು. ಹೆಣ್ಣು ಹೂಗಳು ಅದಾದ ಒಂದೆರಡು ವಾರಗಳ ನಂತರ ಬರುತ್ತವೆ, ಆಮೇಲೂ ಅವುಗಳ ಸಂಖ್ಯೆ ಗಂಡು ಹೂಗಳಿಗಿಂತ ತೀರ ಕಡಿಮೆಯೇ. ಆದ್ದರಿಂದ ನಿಮ್ಮ ಬಳ್ಳಿಯಲ್ಲಿ ಮೊದಲು ಉದುರಿದ ಹೂಗಳ ಬಗ್ಗೆ ಚಿಂತಿಸಬೇಕಾಗಿಲ್ಲ. ಅವು ಉದುರಲೇಬೇಕಾದ ಹೂಗಳು.

ಎರಡನ್ನೂ ಗುರುತಿಸುವುದು ಸುಲಭ. ಗಂಡು ಹೂವು ಉದ್ದನೆಯ ತೆಳ್ಳಗಿನ ತೊಟ್ಟಿನ ಮೇಲೆ ನೆಟ್ಟಗೆ ನಿಂತಿರುತ್ತದೆ. ಎಸಳುಗಳ ನಡುವೆ ಒಂದೇ ಕಂಬದಂತೆ ಕೂಡಿಕೊಂಡ ಕೇಸರಗಳಿದ್ದು, ಬೆರಳಿನಿಂದ ಮುಟ್ಟಿದರೆ ಹಳದಿ ಪರಾಗ ಅಂಟಿಕೊಳ್ಳುತ್ತದೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ ಮತ್ತು ದಪ್ಪ. ಎಸಳುಗಳ ಕೆಳಗೆ ಹೂ ಅರಳುವ ಮೊದಲೇ ಪುಟ್ಟ ಕುಂಬಳಕಾಯಿಯ ಆಕಾರದ ಮಿಡಿ ಇರುತ್ತದೆ, ಒಳಗೆ ಮೂರು ಹಾಲೆಗಳಾಗಿ ಒಡೆದ, ಸ್ವಲ್ಪ ಜಿಗುಟಾದ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿದುಕೊಳ್ಳುವ ಭಾಗವಿರುತ್ತದೆ. ಅಂದರೆ ಮಿಡಿ ಕಾಣಿಸಿಕೊಂಡಿತೆಂದರೆ ಕಾಯಿ ಕಚ್ಚಿತು ಎಂದು ಅರ್ಥವಲ್ಲ. ಪರಾಗ ಸಿಕ್ಕದಿದ್ದರೆ ಆ ಮಿಡಿ ಹೂವಿನ ಕಡೆಯಿಂದ ಹಳದಿಗೆ ತಿರುಗಿ, ಮೆತ್ತಗಾಗಿ, ಬೀಳುತ್ತದೆ. ನೀವು ನೋಡುತ್ತಿರುವುದು ಇದನ್ನೇ.

ಕುಂಬಳದ ಪರಾಗ ದೊಡ್ಡದು, ಭಾರವಾದದ್ದು ಮತ್ತು ಅಂಟುವಂಥದ್ದು. ಗಾಳಿಗೆ ಅದು ಹಾರುವುದಿಲ್ಲ, ಜೇನುನೊಣಗಳೇ ಹೊತ್ತೊಯ್ಯಬೇಕು. ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುತ್ತಿದ್ದಂತೆ, ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಚ್ಚಿಕೊಳ್ಳುತ್ತದೆ, ಮರುದಿನ ಮತ್ತೆ ಅರಳುವುದಿಲ್ಲ. ಹೆಣ್ಣು ಹೂವಿಗೆ ಸಿಗುವುದು ಈ ಮೂರ್ನಾಲ್ಕು ಗಂಟೆಗಳ ಅವಕಾಶ ಮಾತ್ರ. ಸುತ್ತಮುತ್ತ ತುಡುವೆ, ಕೋಲ್ಜೇನು, ಮುಜಂಟಿ ಇರುವ ಕಡೆ ಇದು ತಾನಾಗಿಯೇ ನಡೆಯುತ್ತದೆ. ಪೇಟೆಯ ಬಡಾವಣೆಗಳಲ್ಲಿ, ಅಥವಾ ಬೆಳಗಿನ ಹೊತ್ತು ಬಿಡದೆ ಮಳೆ ಸುರಿಯುವ ದಿನಗಳಲ್ಲಿ, ನಾವೇ ಕೈಯಾರೆ ಮಾಡಬೇಕಾಗುತ್ತದೆ.

ಅದನ್ನು ಮಾಡುವ ಕ್ರಮ ಹೀಗಿದೆ. ಮರುದಿನ ಅರಳಲಿರುವ ಹೆಣ್ಣು ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿಕೊಳ್ಳಿ. ಅದರ ತುದಿ ಹಸಿರು ಬಣ್ಣ ಕಳೆದುಕೊಂಡು ಹಳದಿಗೆ ತಿರುಗಿರುತ್ತದೆ. ಬೆಳಿಗ್ಗೆ ಆರರಿಂದ ಎಂಟರ ನಡುವೆ ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕೊಯ್ದು, ಎಸಳುಗಳನ್ನು ಬಿಡಿಸಿ ತೆಗೆಯಿರಿ. ಉಳಿದ ಕೇಸರದ ಕಂಬವನ್ನು ಹೆಣ್ಣು ಹೂವಿನ ಒಳಗಿನ ಮೂರೂ ಹಾಲೆಗಳಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂವು ಎರಡು ಹೆಣ್ಣು ಹೂಗಳಿಗೆ ಸಾಕಾಗುತ್ತದೆ. ಮೂರೂ ಹಾಲೆಗಳಿಗೆ ಎಂದು ಒತ್ತಿ ಹೇಳಲು ಕಾರಣವಿದೆ. ಒಂದು ಬದಿಗೆ ಮಾತ್ರ ಪರಾಗ ತಗುಲಿದರೆ ಆ ಬದಿಯಲ್ಲಿ ಮಾತ್ರ ಬೀಜ ಚೆನ್ನಾಗಿ ಕಟ್ಟಿ, ಕಾಯಿ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾಗಬಹುದು. ಹಾಸನದ ಓದುಗರೊಬ್ಬರು ‘ಕಾಯಿ ಸೊಟ್ಟಗಿದೆ, ಸುಣ್ಣದ ಅಂಶ ಕಡಿಮೆಯೇ?’ ಎಂದು ಕೇಳಿದ್ದಾರೆ. ಅವರಿಗೂ ಇದೇ ಉತ್ತರ.

ಪರಾಗ ಸಿಕ್ಕಿದ ಮಿಡಿಯ ತೊಟ್ಟು ಮೂರು ನಾಲ್ಕು ದಿನಗಳಲ್ಲಿ ದಪ್ಪಗಾಗಿ ಕೆಳಕ್ಕೆ ಬಾಗುತ್ತದೆ, ಮಿಡಿಯ ಸಿಪ್ಪೆಗೆ ಹೊಳಪು ಬರುತ್ತದೆ. ಇಷ್ಟಾದ ಮೇಲೂ ಕೆಲವು ಮಿಡಿಗಳು ಉದುರಿದರೆ ಗಾಬರಿಯಾಗಬೇಡಿ. ಮನೆಯಂಗಳದ ಒಂದು ಬಳ್ಳಿ ಎರಡರಿಂದ ನಾಲ್ಕು ದೊಡ್ಡ ಕಾಯಿಗಳನ್ನು ಹೊತ್ತರೆ ಅದೇ ಒಳ್ಳೆಯ ಫಸಲು. ತನ್ನ ಶಕ್ತಿಗೆ ಮೀರಿದ್ದನ್ನು ಬಳ್ಳಿಯೇ ಕಳಚಿಕೊಳ್ಳುತ್ತದೆ.

ಇನ್ನೊಂದು ಸಾಧ್ಯತೆಯನ್ನೂ ಪರಿಶೀಲಿಸಿ. ಎಲೆಗಳು ಕಡುಹಸಿರಾಗಿ, ಅತಿಯಾಗಿ ಅಗಲವಾಗಿ, ಬಳ್ಳಿ ಹಬ್ಬುತ್ತಲೇ ಹೋಗಿ ಹೆಣ್ಣು ಹೂವೇ ಅಪರೂಪವಾಗಿದ್ದರೆ ಸಾರಜನಕ ಹೆಚ್ಚಾಗಿದೆ ಎಂದು ತಿಳಿಯಬೇಕು. ಯೂರಿಯಾ, ಹಸಿ ಸಗಣಿ, ಮೇಲಿಂದ ಮೇಲೆ ಹಾಕುವ ಕೋಳಿಗೊಬ್ಬರ ಇವೆಲ್ಲ ಹೀಗೆ ಮಾಡುತ್ತವೆ. ಅವನ್ನು ನಿಲ್ಲಿಸಿ, ಬುಡದಿಂದ ಸ್ವಲ್ಪ ದೂರದಲ್ಲಿ ಎರಡು ಹಿಡಿ ಒಲೆಬೂದಿಯನ್ನು ಮಣ್ಣಿಗೆ ಬೆರೆಸಿ. ಮುಖ್ಯ ಬಳ್ಳಿ ಆರೇಳು ಅಡಿ ಉದ್ದವಾದಾಗ ಕುಡಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ, ಹೆಣ್ಣು ಹೂಗಳು ಆ ಕವಲುಗಳಲ್ಲಿ ಹೆಚ್ಚು. ಯೂಟ್ಯೂಬ್‌ನಲ್ಲಿ ‘ತ್ರೀ ಜಿ ಕಟಿಂಗ್’ ಎಂದು ದೊಡ್ಡ ರಹಸ್ಯದಂತೆ ತೋರಿಸುವುದು ಇದನ್ನೇ ಮುಂದುವರಿಸಿದ ಕ್ರಮ. ಸೋರೆಬಳ್ಳಿಯಲ್ಲಿ ಅದರ ಫಲ ಎದ್ದು ಕಾಣುತ್ತದೆ, ಸಿಹಿಗುಂಬಳದಲ್ಲಿ ಅಷ್ಟಿಲ್ಲ. ಚಿವುಟಿದ ಕುಡಿಯನ್ನು ಎಸೆಯಬೇಡಿ, ಸೊಪ್ಪಿನ ಪಲ್ಯಕ್ಕೆ ಅದು ಬಲು ಚೆನ್ನ.

ನಿಮ್ಮ ಅತ್ತೆಯವರ ಮಾತಿನ ಬಗ್ಗೆ ಒಂದೆರಡು ವಾಕ್ಯ. ಮಿಡಿಗೆ ಬೆರಳು ತೋರಿಸಬಾರದೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಉತ್ತರ ಭಾರತದಲ್ಲೂ ಬಹಳ ಹಿಂದಿನಿಂದ ಇದೆ. ಕುಂಬಳದ ಮಿಡಿಗಳು ಬಹುಸಂಖ್ಯೆಯಲ್ಲಿ ಕೊಳೆತು ಬೀಳುವುದನ್ನು ಕಂಡವರೇ ಅದನ್ನು ಹುಟ್ಟುಹಾಕಿರಬೇಕು. ಬೆರಳು ತೋರಿಸಿದವರು ಬೆನ್ನಲ್ಲೇ ಮಿಡಿಯನ್ನು ಮುಟ್ಟಿ, ಒತ್ತಿ ನೋಡುವುದುಂಟು. ಎಳೆಯ ಸಿಪ್ಪೆಗೆ ಉಗುರು ತಾಗಿದರೆ ಕೊಳೆಯುವುದಕ್ಕೆ ಅಷ್ಟು ಸಾಕು. ಮಕ್ಕಳನ್ನು ಮಿಡಿಯಿಂದ ದೂರವಿಡುವ ಮಟ್ಟಿಗೆ ಅವರ ಮಾತನ್ನು ನಡೆಸಿಕೊಡಿ.

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಬಾಡಿಗೆ ಮನೆ, ತಾರಸಿಯಲ್ಲಿ ಮಾತ್ರ ಜಾಗವಿದೆ. ಕುಂಬಳ ಬೆಳೆಯಬಹುದೇ? ಯಾವ ತಳಿ ಸೂಕ್ತ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬೆಳೆಯಬಹುದು, ಆದರೆ ಸಣ್ಣ ಕುಂಡಗಳಲ್ಲಿ ಸಾಧ್ಯವಿಲ್ಲ. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ, ಅಂದರೆ ಸುಮಾರು 70 ಲೀಟರ್ ಮಣ್ಣು ಹಿಡಿಸುವ ಚೀಲ ಒಂದು ಬಳ್ಳಿಗೆ ಕನಿಷ್ಠ ಬೇಕು. ನೀರುಂಡ ಮೇಲೆ ಅಂಥ ಚೀಲ 80 ಕಿಲೋಗ್ರಾಂ ಮೀರಿ ತೂಗಬಹುದಾದ್ದರಿಂದ ತಾರಸಿಯ ನಟ್ಟನಡುವೆ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಜಾಗದಲ್ಲಿಡಿ. ಮನೆಯ ಮಾಲೀಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಚೀಲದಲ್ಲಿ ಬೆಳೆಯುವಾಗ ಒಂದು ಕೊರತೆ ಇದ್ದೇ ಇರುತ್ತದೆ. ನೆಲದ ಮೇಲೆ ಹಬ್ಬಿದ ಬಳ್ಳಿ ಗಂಟು ಗಂಟಿನಲ್ಲೂ ಬೇರು ಬಿಟ್ಟು ನೀರು, ಆಹಾರಗಳನ್ನು ಎಳೆದುಕೊಳ್ಳುತ್ತದೆ. ತಾರಸಿಯ ಬಳ್ಳಿಗೆ ಬುಡದ ಬೇರೊಂದೇ ಗತಿ. ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೀರು ಬೇಕಾಗಬಹುದು. ಮಧ್ಯಾಹ್ನದ ಬಿಸಿಲಿಗೆ ಎಲೆಗಳು ಜೋತುಬಿದ್ದ ಕೂಡಲೇ ನೀರು ಸುರಿಯಬೇಡಿ. ಅಗಲ ಎಲೆಯ ಈ ಗಿಡದಲ್ಲಿ ಅದು ಸಹಜ. ಸಂಜೆಗೂ ಚೇತರಿಸಿಕೊಳ್ಳದಿದ್ದರೆ, ಅಥವಾ ಎರಡು ಅಂಗುಲ ಆಳದ ಮಣ್ಣು ಒಣಗಿದ್ದರೆ ಮಾತ್ರ ನೀರು ಬೇಕೆಂದು ಅರ್ಥ.

ತಳಿಗಳ ಪೈಕಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ನಿಮಗೆ ಸೂಕ್ತ. ಅದರ ಕಾಯಿ ಒಂದರಿಂದ ಒಂದೂವರೆ ಕಿಲೋಗ್ರಾಂ ತೂಗುವ ಚಪ್ಪಟೆ ಗುಂಡಗಿನದು, ಕಿತ್ತಳೆ ಬಣ್ಣದ ಮೇಲೆ ಕೆನೆಬಣ್ಣದ ಗೆರೆಗಳಿರುತ್ತವೆ. ಚಿಕ್ಕ ಕುಟುಂಬಕ್ಕೆ ಒಂದು ಕಾಯಿ ಒಂದೇ ಅಡುಗೆಗೆ ಮುಗಿಯುತ್ತದೆ, ಹಣ್ಣು ನೊಣದ ಬಾಧೆಯನ್ನೂ ಈ ತಳಿ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ನೆಲವಿರುವವರು ಅದೇ ಸಂಸ್ಥೆಯ ‘ಅರ್ಕಾ ಚಂದನ್’ ಹಾಕಬಹುದು. ಎರಡು ಮೂರು ಕಿಲೋಗ್ರಾಂ ತೂಕದ, ಬಲಿತಾಗ ತಿಳಿಕಂದು ಬಣ್ಣಕ್ಕೆ ತಿರುಗುವ ಈ ಕಾಯಿಗೆ ಸುಮಾರು ನಾಲ್ಕು ತಿಂಗಳು ಬೇಕು.

ಪ್ರಶ್ನೆ: ಕುಂಬಳದ ಎಲೆಗಳ ಮೇಲೆ ಬಿಳಿ ಮಚ್ಚೆಗಳು ಬಂದಿವೆ. ಬೂದಿ ರೋಗವೆಂದು ಎರಡು ಬಾರಿ ಶಿಲೀಂಧ್ರನಾಶಕ ಸಿಂಪಡಿಸಿದರೂ ಹೋಗಿಲ್ಲ. ಗಿಡ ಮಾತ್ರ ಚೆನ್ನಾಗಿಯೇ ಬೆಳೆಯುತ್ತಿದೆ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಗಿಡ ಚೆನ್ನಾಗಿ ಬೆಳೆಯುತ್ತಿದೆ ಎಂದು ತಾವು ಬರೆದಿರುವ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ನಮ್ಮ ನಾಡಿನ ಸಿಹಿಗುಂಬಳದ ಅನೇಕ ತಳಿಗಳ ಎಲೆಗಳಲ್ಲಿ ಬೆಳ್ಳಿಯ ಬಣ್ಣದ ಮಚ್ಚೆಗಳು ಹುಟ್ಟಿನಿಂದಲೇ ಇರುತ್ತವೆ. ಎಲೆಯ ಹೊರಪದರದ ಕೆಳಗೆ ಗಾಳಿಯ ತೆರಪುಗಳಿರುವುದರಿಂದ ಆ ಜಾಗ ಬಿಳುಪಾಗಿ ಕಾಣುತ್ತದೆ. ಯಾವ ಔಷಧಿಯಿಂದಲೂ ಅದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಎರಡನ್ನೂ ಬೇರ್ಪಡಿಸಿ ನೋಡಲು ಬೆರಳೊಂದು ಸಾಕು. ಸಹಜ ಮಚ್ಚೆಗಳು ಎಲೆಯ ನರಗಳು ಕವಲೊಡೆಯುವ ಮೂಲೆಗಳಲ್ಲಿ, ಎಡಬಲಗಳಲ್ಲಿ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಇರುತ್ತವೆ, ಎಳೆಯ ಎಲೆಯಲ್ಲೂ ಕಾಣುತ್ತವೆ, ಉಜ್ಜಿದರೆ ಅಳಿಸುವುದಿಲ್ಲ. ಬೂದಿ ರೋಗವಾದರೆ ಹಳೆಯ ಎಲೆಗಳಿಂದ ಶುರುವಾಗಿ, ಗೊತ್ತುಗುರಿಯಿಲ್ಲದೆ ದುಂಡು ದುಂಡಾಗಿ ಹರಡಿ, ಉಜ್ಜಿದಾಗ ಬಿಳಿಯ ಹುಡಿ ಬೆರಳಿಗೆ ಬರುತ್ತದೆ.

ನಿಜವಾಗಿಯೂ ಬೂದಿ ರೋಗ ಬಂದಾಗ, ಅದು ಹೆಚ್ಚಾಗಿ ಮಳೆ ನಿಂತು ಇಬ್ಬನಿ ಬೀಳುವ ಕಾಲದಲ್ಲಿ ಬರುತ್ತದೆ, ಕೆಳಗಿನ ಒಂದೆರಡು ಎಲೆಗಳನ್ನು ಕತ್ತರಿಸಿ ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿರುವ ಬೆಳಿಗ್ಗೆ ಸಿಂಪಡಿಸಿ. ಇದು ಅಜ್ಜಿಯ ಕಾಲದ ಮದ್ದಲ್ಲ. ಬ್ರೆಜಿಲ್‌ನಲ್ಲಿ ಕುಂಬಳದ ಜಾತಿಯ ಗಿಡಗಳ ಮೇಲೆ ಪ್ರಯೋಗ ನಡೆಸಿ 1999ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಆಧಾರ. ಕರಗುವ ಗಂಧಕವೂ ಕೆಲಸ ಮಾಡುತ್ತದೆ, ಆದರೆ ದಾವಣಗೆರೆಯ ಬೇಸಿಗೆಯಲ್ಲಿ ಗಂಧಕ ಸಿಂಪಡಿಸಿದರೆ ಕುಂಬಳದ ಎಲೆ ಸುಟ್ಟಂತಾಗುವ ಅಪಾಯವಿದೆ. ಇನ್ನು ಎಲೆಗಳು ಹಳದಿ ಹಸಿರು ಬಣ್ಣದ ಹಾಸುಹೊಕ್ಕಾಗಿ ಮುದುರಿಕೊಂಡರೆ ಅದು ಬಿಳಿನೊಣ ಅಥವಾ ಸಸ್ಯಹೇನಿನಿಂದ ಹರಡುವ ನಂಜುರೋಗ. ಅದಕ್ಕೆ ಮದ್ದಿಲ್ಲ. ಆ ಬಳ್ಳಿಯನ್ನು ಬೇಗ ಕಿತ್ತುಹಾಕಿದರೆ ಪಕ್ಕದ್ದು ಉಳಿದೀತು.

ಪ್ರಶ್ನೆ: ನಮ್ಮ ಚೀನಿಕಾಯಿ (ಸಿಹಿಗುಂಬಳ) ಬಳ್ಳಿಯಲ್ಲಿ ಮಿಡಿ ಮುಷ್ಟಿಗಾತ್ರಕ್ಕೆ ಬಂದ ಮೇಲೆ ಮೇಲ್ಮೈಯಲ್ಲಿ ಅಂಟಿನಂಥ ಹನಿ ಕಾಣುತ್ತದೆ. ಒಡೆದು ನೋಡಿದರೆ ಒಳಗೆ ಬಿಳಿ ಹುಳುಗಳು. ಮೈಸೂರಿನ ಗೃಹಿಣಿಯವರಿಗೆ ಹೇಳುವಂತೆ ನಮಗೂ ‘ಔಷಧಿ ಬೇಡ’ ಎಂದು ಹೇಳಬೇಡಿ!
— ಕೃಷಿಕರು, ಪುತ್ತೂರು
(ಇವರು ಹಿಂದಿನ ಸಂಚಿಕೆಯಲ್ಲಿ ಮೈಸೂರಿನವರೊಬ್ಬರ ಹಾಗಲಕಾಯಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ನೆನಪಿಸುತ್ತಿದ್ದಾರೆ.)

ಉತ್ತರ: ಕ್ಷಮಿಸಿ, ಹಾಗೆಯೇ ಹೇಳಬೇಕಾಗಿದೆ. ನಿಮ್ಮದು ಹಣ್ಣು ನೊಣದ ಕಾಟ. ಹೆಣ್ಣು ನೊಣ ತನ್ನ ಬಾಲದ ಸೂಜಿಯಿಂದ ಎಳೆಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ, ನೀವು ಕಂಡ ಅಂಟಿನ ಹನಿ ಆ ಗಾಯದಿಂದ ಒಸರಿದ ರಸ. ಒಂದೆರಡು ದಿನಗಳಲ್ಲಿ ಮೊಟ್ಟೆಯೊಡೆದ ಹುಳುಗಳು ತಿರುಳಿನೊಳಗೇ ಬೆಳೆಯುವುದರಿಂದ ಸಿಪ್ಪೆಯ ಮೇಲೆ ಬಿದ್ದ ಔಷಧಿ ಅವುಗಳನ್ನು ತಲುಪುವುದಿಲ್ಲ. ಬೆಳಗಿನ ಹೊತ್ತು ಸಿಂಪಡಿಸಿದ ವಿಷಕ್ಕೆ ಸಾಯುವವು ಹೂವಿಗೆ ಬಂದ ಜೇನುನೊಣಗಳು. ಆಮೇಲೆ ಕಾಯಿ ಕಚ್ಚುವುದೂ ನಿಂತು, ಒಂದು ತೊಂದರೆ ಇದ್ದಲ್ಲಿ ಎರಡಾಗುತ್ತವೆ.

ಮೂರು ಕೆಲಸಗಳನ್ನು ಒಟ್ಟಿಗೆ ಮಾಡಬೇಕು. ಮೊದಲನೆಯದು, ಹುಳು ಬಿದ್ದ ಮಿಡಿಗಳನ್ನು ಸರಿಯಾಗಿ ನಾಶಮಾಡುವುದು. ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಜನ ಹೆಚ್ಚಾಗಿ ಮಾಡದೆ ಬಿಡುವುದೂ ಇದನ್ನೇ. ಹುಳು ಬಿದ್ದ ಮಿಡಿಯನ್ನು ಕಿತ್ತು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಬಲಿತ ಹುಳು ಕಾಯಿಯಿಂದ ಹೊರಬಂದು, ಮೈ ಬಾಗಿಸಿ ಟಣ್ಣನೆ ಜಿಗಿದು, ಕೆಲವೇ ಅಂಗುಲ ಆಳದ ಮಣ್ಣಿನಲ್ಲಿ ಕೋಶಕಟ್ಟುತ್ತದೆ. ಅಲ್ಲಿಂದ ಹೊರಬರುವ ನೊಣ ಮುಂದಿನ ಮಿಡಿಗೇ ಬರುತ್ತದೆ. ಅಂಥ ಮಿಡಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದೆರಡು ವಾರ ಬಿಸಿಲಿನಲ್ಲಿಡಿ, ಅಥವಾ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಬಳ್ಳಿಯ ಕೆಳಗಿನ ಮಣ್ಣನ್ನು ಆಗಾಗ ಕೆದಕಿದರೆ ಕೋಶಗಳು ಬಿಸಿಲಿಗೂ ಕೋಳಿಗಳಿಗೂ ಸಿಗುತ್ತವೆ.

ಎರಡನೆಯದು, ಪರಾಗಸ್ಪರ್ಶವಾದ ಎರಡು ಮೂರು ದಿನಗಳಲ್ಲಿ ಮಿಡಿಗೆ ತೆಳುಬಟ್ಟೆಯ ಅಥವಾ ಕಾಗದದ ಚೀಲ ಕಟ್ಟುವುದು. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರಿ ಕಾಯಿ ಕೊಳೆಯುತ್ತದೆ. ಸಿಪ್ಪೆ ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಮೂರು ವಾರ, ಈ ಕಾವಲು ಇದ್ದರೆ ಸಾಕು.

ಮೂರನೆಯದು ಮೋಹಕ ಬಲೆ. ಅಂಗಡಿಯಲ್ಲಿ ‘ಕ್ಯೂ ಲ್ಯೂರ್’ ಎಂದೇ ಕೇಳಿ ಪಡೆಯಿರಿ. ಮಾವಿನ ತೋಟಕ್ಕೆ ಕೊಡುವ ‘ಮೀಥೈಲ್ ಯೂಜಿನಾಲ್’ ಬಲೆಗೆ ಕುಂಬಳ, ಹಾಗಲ, ಹೀರೆಯನ್ನು ಕಾಡುವ ಈ ನೊಣ ಬರುವುದಿಲ್ಲ. ನೊಣವೇ ಬೇರೆ, ಅದರ ಆಕರ್ಷಣೆಯೂ ಬೇರೆ. ಬಲೆಗೆ ಬೀಳುವವು ಗಂಡು ನೊಣಗಳು ಮಾತ್ರ ಎಂಬುದನ್ನೂ ನೆನಪಿಡಿ. ಬಲೆ ತುಂಬಿತೆಂದು ಮೊದಲೆರಡು ಕೆಲಸಗಳನ್ನು ಬಿಟ್ಟರೆ ಹಿತ್ತಲಿನ ಬಳ್ಳಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಪ್ರಶ್ನೆ: ಮೊಳಕೆ ಬಂದ ಎರಡೇ ದಿನಗಳಲ್ಲಿ ಕಿತ್ತಳೆ ಬಣ್ಣದ ಪುಟ್ಟ ದುಂಬಿಗಳು ಎಲೆಯನ್ನು ಜರಡಿ ಮಾಡುತ್ತವೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದು ಕೆಂಪು ಕುಂಬಳ ದುಂಬಿ. ಮೊದಲ ಎರಡು ದಪ್ಪೆಲೆಗಳನ್ನು ತಿಂದರೆ ಸಸಿಯೇ ಸಾಯುತ್ತದೆ. ನಾಲ್ಕೈದು ನಿಜವಾದ ಎಲೆಗಳು ಬಂದ ಮೇಲೆ ಅದರ ಕಾಟವನ್ನು ಬಳ್ಳಿ ತಾಳಿಕೊಳ್ಳುತ್ತದೆ. ಆದ್ದರಿಂದ ಮೊದಲ ಮೂರು ವಾರಗಳ ಕಾಲ ಸಸಿಯನ್ನು ಸೊಳ್ಳೆಪರದೆಯ ತುಂಡಿನಿಂದ ಮುಚ್ಚಿಡಿ. ಪರದೆ ಇಲ್ಲದಿದ್ದರೆ ಬೆಳಿಗ್ಗೆ ಇಬ್ಬನಿ ಆರುವ ಮುನ್ನ, ದುಂಬಿಗಳು ಇನ್ನೂ ಜಡವಾಗಿರುವಾಗ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ, ಎಲೆಗಳ ಮೇಲೆ ಜರಡಿ ಹಿಡಿದ ಒಲೆಬೂದಿಯನ್ನು ತೆಳುವಾಗಿ ಉದುರಿಸಿ. ಮಳೆ ಬಂದರೆ ಬೂದಿಯನ್ನು ಮತ್ತೆ ಹಾಕಬೇಕು. ಇದರ ಮರಿಹುಳುಗಳು ಮಣ್ಣಿನಲ್ಲಿ ಬೇರು ತಿಂದು ಬದುಕುವುದರಿಂದ, ಹೋದ ಬಾರಿ ಕುಂಬಳವಿದ್ದ ಮಡಿಯಲ್ಲೇ ಈ ಬಾರಿಯೂ ಬಿತ್ತಬೇಡಿ.

ಪ್ರಶ್ನೆ: ಮಲೆನಾಡಿನಲ್ಲಿ ಯಾವಾಗ ಬಿತ್ತಬೇಕು? ಜೂನ್‌ನಲ್ಲಿ ಹಾಕಿದ ಬೀಜ ಪ್ರತಿ ವರ್ಷವೂ ಕೊಳೆಯುತ್ತದೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಜೂನ್–ಜುಲೈ ಮತ್ತು ಜನವರಿ–ಫೆಬ್ರವರಿ ಎಂದು ಪುಸ್ತಕಗಳಲ್ಲಿ ಬರೆದಿರುವುದು ಬಯಲುಸೀಮೆಗೆ ಒಪ್ಪುವ ಲೆಕ್ಕ. ನಿಮ್ಮಲ್ಲಿ ರೋಹಿಣಿ ಮಳೆಯ ಹೊತ್ತಿಗೇ, ಅಂದರೆ ಮೇ ಕೊನೆಯ ವಾರದಲ್ಲಿ, ಒಂದಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ಬಿತ್ತಿ, ಜಡಿಮಳೆ ಹಿಡಿಯುವ ಮೊದಲು ಬಳ್ಳಿಯನ್ನು ಚಪ್ಪರಕ್ಕೋ ಕೊಟ್ಟಿಗೆಯ ಮಾಡಿಗೋ ಹತ್ತಿಸಿಬಿಡಬೇಕು. ಅದು ಆಗದಿದ್ದರೆ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ತರಕಾರಿ ಮಾಡುವಾಗ ಇದನ್ನೂ ಸೇರಿಸಿ. ದಿಬ್ಬವೊಂದಕ್ಕೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ, ರಾತ್ರಿ ನೆನೆಸಿದ ಮೂರು ನಾಲ್ಕು ಬೀಜಗಳನ್ನು ಒಂದು ಅಂಗುಲ ಆಳಕ್ಕೆ ಊರಿ, ಚೆನ್ನಾಗಿ ಬಂದ ಎರಡು ಸಸಿಗಳನ್ನು ಉಳಿಸಿಕೊಂಡರಾಯಿತು. ದಿಬ್ಬದಿಂದ ದಿಬ್ಬಕ್ಕೆ ಏಳೆಂಟು ಅಡಿ ಅಂತರವಿರಲಿ. ನೆಲದ ಮೇಲೆ ಬೆಳೆಯುವ ಕಾಯಿಯ ಕೆಳಗೆ ಒಂದು ಅಡಿಕೆ ಹಾಳೆಯನ್ನು ಬೋರಲಾಗಿ ಇಡಿ, ತೇವ ತಾಗದೆ ಕಾಯಿ ಉಳಿಯುತ್ತದೆ. ಮಂಗಗಳ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ನನ್ನ ಬಳಿಯಾಗಲಿ, ನಾನು ಕಂಡ ಯಾವ ಮಲೆನಾಡಿನ ಕೃಷಿಕರ ಬಳಿಯಾಗಲಿ ನಂಬುವಂಥ ಉಪಾಯವಿಲ್ಲ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ಅಕ್ಟೋಬರ್‌ನಲ್ಲಿ ಹ್ಯಾಲೋವೀನ್‌ಗೆ ಸಿಗುವ ಕುಂಬಳದಿಂದ ಪಲ್ಯ ಮಾಡಿದರೆ ನೀರು ನೀರಾಗುತ್ತದೆ. ಊರಿನಿಂದ ಬೀಜ ತರಿಸಿ ಬೆಳೆಯಬಹುದೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಹ್ಯಾಲೋವೀನ್‌ನಲ್ಲಿ ಕೆತ್ತುವ ಕುಂಬಳ ಬೇರೆಯೇ ಪ್ರಭೇದ. ಅದನ್ನು ಬೆಳೆಸುವುದು ಗಾತ್ರ ಮತ್ತು ಬಣ್ಣಕ್ಕಾಗಿ, ರುಚಿಗಾಗಿ ಅಲ್ಲ. ನಿಮ್ಮಲ್ಲಿ ಎಲ್ಲೆಡೆ ಸಿಗುವ ಬಟರ್‌ನಟ್ ಮತ್ತು ಲ್ಯಾಟಿನ್ ಅಮೆರಿಕದವರ ಅಂಗಡಿಗಳಲ್ಲಿ ಸಿಗುವ ಕಲಬಾಸಾ ನಮ್ಮ ಸಿಹಿಗುಂಬಳದ ಪ್ರಭೇದಕ್ಕೇ ಸೇರಿದವು, ಸಾಸಿವೆಗೂ ಹುಳಿಗೂ ಚೆನ್ನಾಗಿ ಒಪ್ಪುತ್ತವೆ. ಬೀಜವನ್ನು ಅನುಮತಿಯಿಲ್ಲದೆ ಟಪಾಲಿನಲ್ಲಿ ತರಿಸುವುದು ಅಲ್ಲಿನ ಸಸ್ಯ ಸಂಗರೋಧ (ಕ್ವಾರಂಟೈನ್) ನಿಯಮಗಳಿಗೆ ವಿರುದ್ಧ. ತರಿಸಿದರೂ ಇನ್ನೊಂದು ಅಡ್ಡಿಯಿದೆ. ಉಷ್ಣವಲಯದ ಕೆಲವು ತಳಿಗಳು ನಿಮ್ಮ ಬೇಸಿಗೆಯ ದೀರ್ಘ ಹಗಲಿನಲ್ಲಿ ಬಳ್ಳಿಯನ್ನಷ್ಟೇ ಹಬ್ಬಿಸಿ, ಹೂ ಬಿಡುವ ಹೊತ್ತಿಗೆ ಹಿಮ ಬೀಳತೊಡಗುತ್ತದೆ. ಬಟರ್‌ನಟ್ ಬೀಜವನ್ನೇ ಮೇ ಕೊನೆಯಲ್ಲಿ, ಮಣ್ಣು ಬೆಚ್ಚಗಾದ ಮೇಲೆ ಹಾಕಿ. ಅದರ ಕಾಂಡ ಗಟ್ಟಿಯಾಗಿರುವುದರಿಂದ ನಿಮ್ಮ ಭಾಗದಲ್ಲಿ ಬಳ್ಳಿಯ ಬುಡ ಕೊರೆಯುವ ಹುಳುವಿನ ಹಾವಳಿಯೂ ಕಡಿಮೆ.

ಪ್ರಶ್ನೆ: ಒಂದೇ ಚಪ್ಪರದಲ್ಲಿ ಸಿಹಿಗುಂಬಳ, ಬೂದುಗುಂಬಳ, ಸೋರೆ ಮೂರೂ ಇವೆ. ಅಡ್ಡಮಿಶ್ರಣವಾಗಿ ರುಚಿ ಕೆಡುತ್ತದೆಯೇ? ಸಂತೆಯಲ್ಲಿ ತಂದ ಕಾಯಿಯ ಬೀಜ ಹಾಕಬಹುದೇ? ತಾನಾಗಿ ಹುಟ್ಟಿದ ಬಳ್ಳಿಯ ಕಾಯಿ ಕಹಿಯಾಗಿತ್ತು, ಏಕೆ?
— ಕೃಷಿಕ ಮಹಿಳೆ, ಚಿತ್ರದುರ್ಗ

ಉತ್ತರ: ಕೊನೆಯ ಪ್ರಶ್ನೆ ಗಂಭೀರವಾದದ್ದು, ಅದನ್ನೇ ಮೊದಲು ನೋಡೋಣ. ಕಹಿಯಾದ ಕುಂಬಳ, ಸೋರೆ, ಸೌತೆ ಯಾವುದನ್ನೂ ತಿನ್ನಬಾರದು. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಸ್ತು ವಿಷಕಾರಿ. ಬೇಯಿಸಿದರೂ, ಉಪ್ಪುನೀರಿನಲ್ಲಿ ನೆನೆಸಿದರೂ, ಬೆಲ್ಲ ಹಾಕಿದರೂ ಅದು ನಾಶವಾಗುವುದಿಲ್ಲ. ತೀವ್ರ ವಾಂತಿ, ಭೇದಿ ಆಗುತ್ತವೆ, ಕಹಿ ಸೋರೆಯ ರಸ ಕುಡಿದು ಜೀವ ಕಳೆದುಕೊಂಡವರೂ ನಮ್ಮ ದೇಶದಲ್ಲಿದ್ದಾರೆ. ಹಾಗಲಕಾಯಿಯ ಕಹಿಯೊಂದಿಗೆ ಇದನ್ನು ಸಮೀಕರಿಸಬೇಡಿ. ಹೆಚ್ಚುವಾಗ ಸಣ್ಣ ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ನೋಡಿ, ಕಹಿಯೆನಿಸಿದರೆ ಉಗಿದು, ಬಾಯಿ ಮುಕ್ಕಳಿಸಿ, ಇಡೀ ಕಾಯಿಯನ್ನು ಎಸೆಯಿರಿ. ದನಕ್ಕೂ ಹಾಕಬೇಡಿ. ತಾನಾಗಿ ಹುಟ್ಟಿದ ಬಳ್ಳಿಯ ಬೀಜ, ಅಲಂಕಾರಕ್ಕೆ ಬೆಳೆಸುವ ಅಥವಾ ಕಾಡುಗುಣವುಳ್ಳ ಕುಂಬಳದ ಪರಾಗದಿಂದ ಕಟ್ಟಿದ್ದಿರಬಹುದು. ಆ ಬಳ್ಳಿಯಲ್ಲಿ ಮುಂದೆ ಬಿಡುವ ಕಾಯಿಗಳೂ ಕಹಿಯೇ ಇರುತ್ತವಾದ್ದರಿಂದ ಅದನ್ನು ಕಿತ್ತುಬಿಡಿ.

ಚಪ್ಪರದ ವಿಷಯಕ್ಕೆ ಬಂದರೆ ಭಯ ಬೇಡ. ಬೂದುಗುಂಬಳಕ್ಕೆ ಕುಂಬಳವೆಂಬ ಹೆಸರಿದ್ದರೂ ಅದರ ಕುಲವೇ ಬೇರೆ, ಸೋರೆಯದು ಇನ್ನೂ ಬೇರೆ, ಈ ಮೂರೂ ಒಂದರೊಂದಿಗೆ ಒಂದು ಬೆರೆಯುವುದಿಲ್ಲ. ಬೆರೆಯುವುದು ಸಿಹಿಗುಂಬಳದ ಎರಡು ತಳಿಗಳು. ಹಾಗೆ ಬೆರೆತರೂ ಈ ವರ್ಷದ ಕಾಯಿಯ ತಿರುಳಿನ ರುಚಿ ಬದಲಾಗುವುದಿಲ್ಲ, ಬದಲಾವಣೆ ಕಾಣುವುದು ಅದರೊಳಗಿನ ಬೀಜದಿಂದ ಹುಟ್ಟುವ ಮುಂದಿನ ಬಳ್ಳಿಯಲ್ಲಿ.

ಸಂತೆಯ ಕಾಯಿ ನಾಟಿ ತಳಿಯದಾಗಿದ್ದರೆ ಬೀಜ ಹಾಕಬಹುದು. ಹೈಬ್ರಿಡ್ ಆಗಿದ್ದರೆ ಪ್ರತಿ ಬಳ್ಳಿಯೂ ಒಂದೊಂದು ಬಗೆಯ ಕಾಯಿ ಕೊಡುತ್ತದೆ. ನಿಮ್ಮದೇ ಒಳ್ಳೆಯ ತಳಿಯ ಬೀಜವನ್ನು ಶುದ್ಧವಾಗಿ ಉಳಿಸಿಕೊಳ್ಳಬೇಕೆಂದರೆ, ಹಿಂದಿನ ಸಂಜೆಯೇ ಒಂದು ಗಂಡು ಮತ್ತು ಒಂದು ಹೆಣ್ಣು ಮೊಗ್ಗಿನ ತುದಿಗಳನ್ನು ಬಾಳೆನಾರಿನಿಂದ ಕಟ್ಟಿ, ಬೆಳಿಗ್ಗೆ ಬಿಚ್ಚಿ, ಮೇಲೆ ಹೇಳಿದಂತೆ ಪರಾಗ ಸವರಿ, ಹೆಣ್ಣು ಹೂವಿನ ಎಸಳುಗಳನ್ನು ಮತ್ತೆ ಕಟ್ಟಿಬಿಡಿ. ಆ ಕಾಯಿಯ ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಬಳ್ಳಿಯಲ್ಲೇ ಪೂರ್ತಿ ಬಲಿಯಲು ಬಿಟ್ಟು, ಕೊಯ್ದ ಮೇಲೂ ಮೂರು ನಾಲ್ಕು ವಾರ ಇಟ್ಟು ಬೀಜ ತೆಗೆಯಿರಿ. ತೊಳೆದು ನೆರಳಿನಲ್ಲಿ ಒಣಗಿಸಿ ಬೂದಿಯಲ್ಲಿಟ್ಟರೂ ಸರಿ, ನಿಮ್ಮ ಮನೆಯ ಹಿರಿಯರಂತೆ ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತಿದರೂ ಸರಿ.

ಪ್ರಶ್ನೆ: ಕಾಯಿ ಬಲಿತಿದೆಯೆಂದು ತಿಳಿಯುವುದು ಹೇಗೆ? ಹಿಂದೆ ನಮ್ಮ ಮನೆಯ ಅಟ್ಟದಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು, ಈಗ ಹದಿನೈದು ದಿನಕ್ಕೇ ತೊಟ್ಟಿನ ಬಳಿ ಕೊಳೆಯುತ್ತದೆ.
— ಓದುಗರೊಬ್ಬರು, ಶಿರಸಿ

ಉತ್ತರ: ಕಾಯಿ ಕಚ್ಚಿದ ಒಂದೂವರೆಯಿಂದ ಎರಡು ತಿಂಗಳಲ್ಲಿ ಬಲಿಯುತ್ತದೆ. ಆಗ ತೊಟ್ಟು ಹಸಿರು ಕಳೆದುಕೊಂಡು ಬೆಂಡಿನಂತೆ ಒಣಗತೊಡಗುತ್ತದೆ, ಸಿಪ್ಪೆಗೆ ಉಗುರು ಊರಿದರೆ ಇಳಿಯುವುದಿಲ್ಲ, ನೆಲಕ್ಕೆ ತಾಗಿದ್ದ ಭಾಗ ಹಳದಿಯಾಗುತ್ತದೆ. ತಟ್ಟಿ ಸದ್ದು ಕೇಳಿ ನಿರ್ಧರಿಸುವವರೂ ಇದ್ದಾರೆ, ನನಗೆ ಉಗುರಿನ ಪರೀಕ್ಷೆಯಲ್ಲೇ ನಂಬಿಕೆ ಹೆಚ್ಚು. ಆದರೆ ಉಗುರನ್ನು ತೊಟ್ಟಿನ ಹತ್ತಿರ, ಅದೂ ಒಮ್ಮೆ ಮಾತ್ರ ಊರಿ ನೋಡಿ.

ತೊಟ್ಟಿನ ಬಳಿ ಕೊಳೆಯುವುದಕ್ಕೆ ಕೊಯ್ಯುವ ರೀತಿಯೇ ಕಾರಣವಿರಬೇಕು. ಕಾಯಿಯನ್ನು ತಿರುಚಿ ಕಿತ್ತರೆ, ಅಥವಾ ತೊಟ್ಟು ಹಿಡಿದು ಎತ್ತಿದರೆ, ತೊಟ್ಟು ಸೇರುವ ಜಾಗದಲ್ಲಿ ಬಿರುಕು ಬಿಟ್ಟು ಬೂಸು ಒಳಹೊಗುತ್ತದೆ. ಮಳೆಯಿಲ್ಲದ ದಿನ, ಎರಡು ಅಂಗುಲ ತೊಟ್ಟು ಉಳಿಯುವಂತೆ ಕತ್ತಿಯಿಂದ ಕೊಯ್ದು, ಎರಡೂ ಕೈಗಳಿಂದ ಬುಡ ಹಿಡಿದು ಎತ್ತಬೇಕು. ತೊಳೆಯಬಾರದು. ವಾರ ಹತ್ತು ದಿನ ಗಾಳಿಯಾಡುವ ಜಗಲಿಯಲ್ಲಿ ಇಟ್ಟರೆ ಸಿಪ್ಪೆ ಇನ್ನಷ್ಟು ಗಟ್ಟಿಯಾಗಿ ಸಣ್ಣ ಗೀರುಗಳು ಒಣಗುತ್ತವೆ. ಆಮೇಲೆ ಒಂದಕ್ಕೊಂದು ತಾಗದಂತೆ ಅಟ್ಟದಲ್ಲಿ ಇಡಿ, ಅಥವಾ ಮಂಗಳೂರು ಸೌತೆಯನ್ನು ತೂಗುಹಾಕುವಂತೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿ. ಹಿಂದಿನ ಅಟ್ಟಕ್ಕೆ ಒಲೆಯ ಹೊಗೆಯೂ ಬಿಸಿಯೂ ತಾಗುತ್ತಿದ್ದವು, ತೇವ ನಿಲ್ಲುತ್ತಿರಲಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಅಟ್ಟ ಮುಚ್ಚಿದ ಕೋಣೆಯಾಗಿದ್ದರೆ ಅದಕ್ಕಿಂತ ಊಟದ ಮನೆಯ ಜಂತಿಯೇ ಮೇಲು. ಹೀಗೆ ಇಟ್ಟ ಒಳ್ಳೆಯ ಕಾಯಿ ಮೂರರಿಂದ ಆರು ತಿಂಗಳು ಬಾಳುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೊಂದನ್ನೂ ತಿರುಗಿಸಿ ನೋಡಿ, ಮೆತ್ತಗಾದ ಕಲೆ ಕಂಡದ್ದನ್ನು ಅಂದೇ ಅಡುಗೆಗೆ ತೆಗೆಯಿರಿ. ಹೆಚ್ಚಿದ ಮೇಲೆ ಅರ್ಧ ಉಳಿದರೆ ಬೀಜವನ್ನೂ ಅದರ ಸುತ್ತಲಿನ ನಾರನ್ನೂ ಪೂರ್ತಿ ತೆಗೆದು ಫ್ರಿಜ್‌ನಲ್ಲಿಡಬೇಕು, ಕೊಳೆಯುವುದು ಅಲ್ಲಿಂದಲೇ ಆರಂಭವಾಗುತ್ತದೆ. ಹಾಗಿಟ್ಟ ಹೋಳನ್ನು ನಾಲ್ಕೈದು ದಿನಗಳಲ್ಲಿ ಬಳಸಿಬಿಡಿ.